ಎರಡು ಗಂಟೆಗೆ ಕೈ ಬದಲಾಗುವ ಮಗು

ನಾನು ಗೇಟಿನವಳು. ಗಾಜಿನ ಬಾಟಲಿ ಮಾಡೋ ಕಾರ್ಖಾನೆ ಗೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹೆಂಗಸರ ಚೀಲ ನೋಡೋದು, ಕಾರ್ಡು ನೋಡೋದು, ತಡವಾಗಿ ಬಂದವರನ್ನ ಬೈಯೋದು ನನ್ನ ಕೆಲಸ. ಬೈಯೋದನ್ನ ಕಂಪನಿಯವರು ಹೇಳಿಲ್ಲ, ನಾನೇ ಸೇರಿಸಿಕೊಂಡೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಎಲ್ಲರೂ ಅಂತಾರೆ. ಇದ್ದರೆ ಇರಲಿ, ಮೂಗು ನನ್ನದೇ ತಾನೇ? ಆದರೆ ಈಗ ಹೇಳ್ತಿರೋ ವಿಷಯದಲ್ಲಿ ಯಾರ ಮೇಲೆ ಕೋಪ ಮಾಡ್ಕೋಬೇಕು ಅಂತಲೇ ನನಗೆ ಇವತ್ತಿನವರೆಗೂ ತಿಳಿದಿಲ್ಲ. ಅದಕ್ಕೇ ಹೇಳ್ತಿದೀನಿ.

ನಮ್ಮಲ್ಲಿ ದೀಪದ ಸೆಕ್ಷನ್ ಅಂತ ಒಂದಿದೆ. ಬಿಳೀ ದೀಪದ ಹಲಗೆ ಮುಂದೆ ಹೆಂಗಸರು ಸಾಲಾಗಿ ಕೂತಿರ್ತಾರೆ, ಬಾಟಲಿಗಳು ಪಟ್ಟಿ ಮೇಲೆ ಒಂದರ ಹಿಂದೆ ಒಂದು ಬರ್ತಾ ಇರುತ್ತವೆ. ಬಿರುಕು, ಗುಳ್ಳೆ, ಸೊಟ್ಟ ಕತ್ತು, ಯಾವುದಿದ್ದರೂ ಎತ್ತಿ ಪಕ್ಕಕ್ಕೆ ಹಾಕಬೇಕು. ಒಂದು ಬಾಟಲಿಗೆ ಎರಡು ಸೆಕೆಂಡು ಸಿಗುತ್ತೆ, ಅಷ್ಟೇ. ಆ ಸೆಕ್ಷನ್ನಿಗೆ ವರ್ಷದ ಕೆಳಗೆ ಒಬ್ಬ ಸಣಕಲು ಹುಡುಗಿ ಸೇರಿದಳು. ಕೂದಲೆಳೆಯಷ್ಟು ಬಿರುಕಿದ್ದರೂ ಅವಳ ಕಣ್ಣಿಗೆ ಬೀಳ್ತಿತ್ತು. ಹದಿನೈದು ವರ್ಷ ಕೂತವರಿಗೆ ಕಾಣದ್ದು ಇವಳಿಗೆ ಕಾಣುತ್ತಲ್ಲ ಅಂತ ಉಳಿದವರಿಗೆ ಹೊಟ್ಟೆಕಿಚ್ಚು. ಹದ್ದುಗಣ್ಣಿ ಅಂತ ಹೆಸರಿಟ್ಟರು. ಬೈಗುಳ ಅಂತ ಇಟ್ಟಿದ್ದು, ಆಮೇಲೆ ಅದೇ ಹೆಸರಾಗಿ ಉಳೀತು. ಅವಳೂ ಓಗೊಡೋಕೆ ಶುರು ಮಾಡಿದಳು.

ಅವಳ ಗಂಡ ನಮ್ಮ ಪ್ಯಾಕಿಂಗ್ ಅಂಗಳದಲ್ಲೇ ಕ್ರೇಟು ಎತ್ತೋನು. ಅವನನ್ನ ಉದ್ದಣ್ಣ ಅಂತೀವಿ. ಗೇಟಿನ ಪಕ್ಕದ ನನ್ನ ಕ್ಯಾಬಿನ್ ಬಾಗಿಲಲ್ಲಿ ಬಗ್ಗದೆ ಒಳಗೆ ಬಂದ ದಿನವೆಲ್ಲ ಹಣೆ ಬಡಿಸಿಕೊಂಡೇ ಹೋಗ್ತಾನೆ. ಮಾತು ಕಮ್ಮಿ. ಹತ್ತು ಮಾತು ಕೇಳಿದರೆ ಒಂದಕ್ಕೆ ನಗ್ತಾನೆ, ಒಂಬತ್ತಕ್ಕೆ ತಲೆ ಆಡಿಸ್ತಾನೆ. ಇವರಿಬ್ಬರಿಗೂ ಸೇರಿ ಒಂದು ಹೆಣ್ಣುಮಗು. ನಾನು ಮೊದಲ ಸಲ ನೋಡಿದಾಗ ಅದಕ್ಕೆ ಒಂದೂವರೆ ವರ್ಷ. ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗ್ತಾನೇ ಇರ್ತಿತ್ತು. ಬುಗುರಿ ಅಂದೆ ನಾನು. ಅಪ್ಪ ಅಮ್ಮನೂ ಹಾಗೇ ಕರೆಯೋಕೆ ಹತ್ತಿದರು.

ಬಾಟಲಿ ಕಾರ್ಖಾನೆ ಅಂದರೆ ಕುಲುಮೆ ಆರಿಸೋ ಹಾಗಿಲ್ಲ. ಆರಿದರೆ ಒಳಗಿರೋ ಗಾಜೆಲ್ಲ ಗಟ್ಟಿಯಾಗಿ ಕುಲುಮೇನೇ ಒಡೆದು ಹಾಕಬೇಕು. ಹಾಗಾಗಿ ವರ್ಷವಿಡೀ ಮೂರು ಪಾಳಿ. ಎಲ್ಲರಿಗೂ ಒಟ್ಟಿಗೆ ರಜೆ ಅನ್ನೋದು ನಮ್ಮಲ್ಲಿಲ್ಲ. ದೀಪದ ಸೆಕ್ಷನ್ ಹೆಂಗಸರದ್ದು ಬೆಳಗ್ಗೆ ಆರರಿಂದ ಎರಡು. ಉದ್ದಣ್ಣಂದು ಎರಡರಿಂದ ರಾತ್ರಿ ಹತ್ತು. ಮಗೂನ ನೋಡ್ಕೊಳ್ಳೋಕೆ ಮನೇಲಿ ಮೂರನೇ ಜೀವ ಇಲ್ಲ. ಅವನ ಅಮ್ಮ ದೊಡ್ಡ ಮಗನ ಮನೇಲಿ ಆ ಮಗನ ಮೂರು ಮಕ್ಕಳನ್ನ ನೋಡ್ಕೊಂಡು ಹೈರಾಣಾಗಿದಾಳೆ. ಇವಳ ಅಮ್ಮನಿಗೆ ಮಂಡಿ ನೋವು, ಒಂದು ಮೆಟ್ಟಿಲು ಹತ್ತೋಕಾಗಲ್ಲ. ಇವರ ಮನೆಗೋ ಇಪ್ಪತ್ತಾರು ಮೆಟ್ಟಿಲು.

ಸರಿ, ಬೆಳಗ್ಗೆ ಎಲ್ಲ ಅಪ್ಪ ನೋಡ್ಕೊಳ್ಳೋದು, ಎರಡರ ಮೇಲೆ ಅಮ್ಮ ನೋಡ್ಕೊಳ್ಳೋದು ಅಂತ ಮಾಡ್ಕೊಂಡರು. ಇವಳಿಗೆ ವಾರದ ರಜೆ ಬಂದ ದಿನ ಅವನು ಎರಡು ಪಾಳಿ ಒಟ್ಟಿಗೆ ಮಾಡೋನು, ಅವನ ರಜೆ ದಿನ ಇವಳು ಮಾಡೋಳು. ಬಾಡಿಗೆ ಮನೇಲಿರೋರಿಗೆ ಅದು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಬೆಳಗ್ಗೆ ಐದೂವರೆಗೆ ಹೊರಡೋವಾಗ ಮಗು ನಿದ್ದೆಯಲ್ಲಿ. ಅಪ್ಪ ರಾತ್ರಿ ಬರೋವಾಗ್ಲೂ ನಿದ್ದೆಯಲ್ಲಿ. ಮೂವರೂ ಮಲಗೋದು ಒಂದೇ ಕೋಣೆಯಲ್ಲಿ. ಆದರೆ ಬುಗುರಿ ಎಚ್ಚರ ಇದ್ದಾಗ ಅಪ್ಪ ಅಮ್ಮ ಇಬ್ಬರೂ ಅವಳ ಪಕ್ಕದಲ್ಲಿದ್ದ ಒಂದು ಗಳಿಗೆಯೂ ಇರಲಿಲ್ಲ. ಏಳು ತಿಂಗಳು ಹಾಗೇ ನಡೀತು.

ಇದರಲ್ಲಿ ಒಂದು ತೊಡಕಿತ್ತು. ಗಂಡಸರು ಎರಡಕ್ಕೆ ಐದು ನಿಮಿಷ ಇರೋವಾಗಲೇ ಕಾರ್ಡು ಒತ್ತಿ ಒಳಗಿರಬೇಕು. ಹೆಂಗಸರು ಎರಡಕ್ಕೆ ಸೈರನ್ ಆದ ಮೇಲೆ ಏಳಬೇಕು. ಎದ್ದ ತಕ್ಷಣ ಓಡಿ ಬರೋ ಹಾಗೂ ಇಲ್ಲ. ಮೇಲಂಗಿ ಬಿಚ್ಚಿ ತಗಡಿನ ತಟ್ಟೆ ಮೇಲೆ ಕೊಡವಬೇಕು, ಚಪ್ಪಲಿ ಅಡಿ ಬ್ರಷ್ಷಿನಿಂದ ಉಜ್ಜಬೇಕು, ತಲೆಗೂದಲು ಬಿಚ್ಚಿ ಬಾಚಬೇಕು, ಕೈ ತೊಳೀಬೇಕು. ಗಾಜಿನ ಪುಡಿ ಒಂದು ಚೂರೂ ಮೈಮೇಲೆ ಮನೆಗೆ ಹೋಗಬಾರದು. ಎಷ್ಟು ಬೇಗ ಮಾಡಿದರೂ ಎರಡು ಗಂಟೆ ಆರು ನಿಮಿಷ. ಅಂದರೆ ಹನ್ನೊಂದು ನಿಮಿಷ ಆ ಮಗು ಯಾರ ಕೈಲೂ ಇಲ್ಲ.

ಮೊದಲ ದಿನ ಉದ್ದಣ್ಣ ಮಗೂನ ಎತ್ಕೊಂಡು ನನ್ನ ಕ್ಯಾಬಿನ್ ಮುಂದೆ ನಿಂತ. ಗೋಡೆ ಮೇಲೆ ಬೋರ್ಡು ನೋಡ್ತಾನೆ. ಮಕ್ಕಳನ್ನು ತರಬಾರದು ಅಂತ ಕೆಂಪಕ್ಷರದಲ್ಲಿದೆ.

"ಓದೋಕೆ ಬರುತ್ತಲ್ಲ?" ಅಂದೆ.

"ಬರುತ್ತೆ ಅಕ್ಕ."

"ಮತ್ತೆ?"

"ಹನ್ನೊಂದೇ ನಿಮಿಷ ಅಕ್ಕ."

"ಹನ್ನೊಂದು ನಿಮಿಷಕ್ಕೆ ನನ್ನ ಕೆಲಸ ಹೋಗೋಕೆ ಸಾಕು. ಇದೇನು ಛತ್ರ ಅಂದ್ಕೊಂಡ್ಯಾ?" ಅಂತ ರೇಗಿದೆ. ರೇಗ್ತಾ ರೇಗ್ತಾ ಕೈ ಚಾಚಿದ್ದೂ ನಾನೇ. ಆ ಮಗು ನನ್ನ ಮುಖ ನೋಡ್ತು, ಹೆದರಿಕೊಳ್ಳಲಿಲ್ಲ, ನನ್ನ ಕೊರಳಲ್ಲಿದ್ದ ಸೀಟಿ ಬಾಯಿಗಿಟ್ಟು ಊದಿತು. ಅಂಗಳದಲ್ಲಿದ್ದ ಲಾರಿ ಡ್ರೈವರ್ ಗಾಡಿ ನಿಲ್ಲಿಸಿಬಿಟ್ಟ.

ನನಗೆ ಮಕ್ಕಳಿಲ್ಲ. ಇದ್ದಿದ್ದರೆ ಮಕ್ಕಳ ವಿಷಯದಲ್ಲಿ ಊರಿಗೆಲ್ಲ ಇಷ್ಟು ಬುದ್ಧಿ ಹೇಳ್ತಿರಲಿಲ್ಲವೇನೋ. ಆ ಹನ್ನೊಂದು ನಿಮಿಷಕ್ಕೆ ನಾನು ಬೆಳಗ್ಗೆಯಿಂದ ಕಾಯ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಬುಗುರಿ ನನ್ನ ಕ್ಯಾಬಿನ್ನಿನಲ್ಲಿ ಅಳ್ತಲೇ ಇರಲಿಲ್ಲ. ಕ್ಯಾಬಿನ್ನಿಗೆ ಅಂಗಳದ ಕಡೆ ಒಂದು ಕಿಟಕಿ ಇದೆ. ಬೆಂಚಿನ ಮೇಲೆ ನಿಂತರೆ ಅವಳಪ್ಪ ಕ್ರೇಟು ಎತ್ತೋದು ಕಾಣುತ್ತೆ. ಅವನು ಎತ್ತಿದಾಗಲೆಲ್ಲ ಇವಳು "ಹ್ಞೂ" ಅಂತ ತಾನೇ ಎತ್ತಿದ ಹಾಗೆ ತಿಣುಕ್ತಿದ್ದಳು. ನಗು ತಡ್ಕೊಳ್ಳೋಕೆ ಆಗ್ತಿರಲಿಲ್ಲ ನನಗೆ. ಚೀಲ ತೋರಿಸೋ ಹೆಂಗಸರ ಮುಂದೆ ಬಿಗುವಾಗಿರಬೇಕು ಅಂತ ಬೇರೆ.

ಅಳು ಶುರುವಾಗ್ತಿದ್ದದ್ದು ಹದ್ದುಗಣ್ಣಿ ಬಂದಾಗ.

ಕೈ ತೊಳೆದು, ತಲೆ ಬಾಚಿ, ಅಂಗಳ ದಾಟಿ ಅವಳು ಹೆಚ್ಚು ಕಮ್ಮಿ ಓಡ್ತಾ ಬರೋಳು. ಅವಳು ಬಾಗಿಲಲ್ಲಿ ಕಾಣಿಸಿದ್ದೇ ತಡ, ಬುಗುರಿ ಮುಖ ಸೊಟ್ಟಗಾಗೋದು. ಕಿಟಕಿ ಸರಳು ಎರಡೂ ಕೈಲಿ ಹಿಡ್ಕೊಳ್ಳೋದು. "ಅಪ್ಪ ಟಾಟಾ... ಅಪ್ಪ ಟಾಟಾ..." ಅಂತ ಗಂಟಲು ಹರಿಯೋ ಹಾಗೆ ಕಿರುಚೋದು. ಅಮ್ಮ ಬಂದಳು ಅಂದರೆ ಗೇಟಿನಾಚೆ ಹೋಗಬೇಕು, ಅಪ್ಪ ಕಣ್ಮರೆಯಾಗ್ತಾನೆ. ಬೆಳಗ್ಗೆ ಕಣ್ಣು ಬಿಟ್ಟರೆ ಅಮ್ಮ ಇಲ್ಲ, ಮಧ್ಯಾಹ್ನ ಅಮ್ಮ ಸಿಕ್ಕರೆ ಅಪ್ಪ ಇಲ್ಲ. ಒಬ್ಬರು ಬಂದರೆ ಒಬ್ಬರು ಹೋಗಬೇಕು ಅನ್ನೋದೇ ಅವಳು ಕಲಿತ ಲೋಕ. ಇದೆಲ್ಲ ನನಗೆ ಈಗ ತಿಳೀತಿದೆ. ಆಗ ನಾವೆಲ್ಲ ಮಗು ಹಟಮಾರಿ ಅಂದ್ಕೊಂಡ್ವಿ.

ಹದ್ದುಗಣ್ಣಿ ಒಂದೊಂದೇ ಬೆರಳು ಬಿಡಿಸಿ ಮಗೂನ ಎಳ್ಕೊಳ್ತಿದ್ದಳು. ಮಗು ಅವಳ ಎದೆಗೆ ಕೈ ಒತ್ತಿ ದೂರ ತಳ್ಳೋದು. ಪಾಳಿ ಬಿಟ್ಟ ನೂರಾರು ಜನರ ಮುಂದೆ, ಹೆತ್ತ ತಾಯೀನ! ಅವಳು ತಲೆ ತಗ್ಗಿಸಿಕೊಂಡು ರಸ್ತೆ ದಾಟೋಳು.

ಜನ ಸುಮ್ಮನಿರ್ತಾರಾ? ಒಬ್ಬಳು ಅಂದಳು, ಬಾಟಲಿ ವಾಸನೆಗೆ ಅಳುತ್ತೆ, ಬಟ್ಟೆ ಬದಲಾಯಿಸಿ ಎತ್ಕೋ. ಬದಲಾಯಿಸಿದಳು. ಇನ್ನೊಬ್ಬಳು ಅಂದಳು, ಕೈಯಲ್ಲಿ ಏನಾದರೂ ಹಿಡ್ಕೊಂಡು ಬಾ. ಬಿಸ್ಕತ್ತು ತಂದಳು. ಬುಗುರಿ ಬಿಸ್ಕತ್ತು ಇಸ್ಕೊಂಡು, ಒಂದು ಕಚ್ಚು ಕಚ್ಚಿ, ಅದನ್ನ ಬಾಯಲ್ಲಿಟ್ಕೊಂಡೇ ಅತ್ತಳು. ಕೆಮ್ಮಿ ಕೆಮ್ಮಿ ಮುಖ ನೀಲಿ ಆಯ್ತು, ನಮ್ಮೆಲ್ಲರ ಜೀವ ಬಾಯಿಗೆ ಬಂತು. ಮಗು ಅಪ್ಪನ ಕಡೇದು ಕಣೇ, ಬಿಡು ಅಂತ ಒಬ್ಬಳು ಹುಳಿ ಹಿಂಡಿದಳು. ಅವಳ ಚೀಲವನ್ನ ಆವತ್ತು ನಾನು ಹದಿನೈದು ನಿಮಿಷ ತಪಾಸಣೆ ಮಾಡಿದೆ.

ಒಂದು ದಿನ ಎಲ್ಲರೂ ಹೋದ ಮೇಲೆ ಹದ್ದುಗಣ್ಣಿ ಬೆಂಚಿನ ಮೇಲೆ ಕೂತಳು. ಮಗು ಬಿಕ್ಕಿ ಬಿಕ್ಕಿ ಸುಸ್ತಾಗಿ ಅವಳ ಹೆಗಲ ಮೇಲೆ ಮಲಗಿತ್ತು.

"ನಾನೇನು ರಾಕ್ಷಸೀನಾ ಅಕ್ಕ?"

"ಬಿಡೇ, ಮಕ್ಕಳು ಅಂದಮೇಲೆ ಅಳ್ತಾವೆ."

"ನಿಮ್ಮ ಹತ್ರ ಅಳಲ್ಲ. ಅವರಪ್ಪನ ಹತ್ರ ಅಳಲ್ಲ. ನಮ್ಮನೆ ಕೆಳಗಡೆ ಸೈಕಲ್ ಅಂಗಡಿಯವನ ಹತ್ರಾನೂ ಹೋಗ್ತಾಳೆ. ನಾನು ಬಂದರೆ ಯಾರೋ ಸತ್ತ ಹಾಗೆ ಅಳ್ತಾಳೆ." ಮಗೂನ ಹೆಗಲ ಮೇಲೆ ಸರಿಮಾಡಿಕೊಂಡು ಅಂದಳು, "ನನಗೆ ಬೇರೇನೂ ಬೇಡ ಅಕ್ಕ. ಒಂದೇ ಒಂದು ದಿನ, ಅಳದೆ ತಾನಾಗಿ ನನ್ನ ಹತ್ರ ಬರಲಿ. ಒಂದು ದಿನ ಸಾಕು."

ಆವತ್ತು ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದರೆ ಚೆನ್ನಾಗಿತ್ತು. ನನಗೆಲ್ಲಿ ಬರುತ್ತೆ ಆ ಬುದ್ಧಿ! ಮಾರನೇ ದಿನ ಗಂಡ ಹೆಂಡತಿ ಇಬ್ಬರಿಗೂ ಉಪಾಯ ಹೇಳಿಕೊಟ್ಟೆ. "ಅಪ್ಪ ಹೋಗೋದು ಕಂಡರೆ ತಾನೇ ಅಳೋದು? ಕಾಣದ ಹಾಗೆ ಮಾಡೋಣ. ಕಿಟಕಿ ಮುಚ್ಚಿಬಿಡ್ತೀನಿ. ನಾನು ಕೀಲಿ ಗೊಂಚಲು ತೋರಿಸ್ತೀನಿ, ಅವಳು ಅದನ್ನ ನೋಡ್ತಿರೋವಾಗ ನೀನು ಜಾರಿಕೋ." ಉದ್ದಣ್ಣ ತಲೆ ಆಡಿಸಿದ. ಒಪ್ಪಿಗೆ ಇಲ್ಲ ಅಂತ ಮುಖ ಹೇಳ್ತಿತ್ತು, ಆದರೆ ನನ್ನ ಮಾತಿಗೆ ಎದುರಾಡೋ ಗಂಡಸು ಆ ಗೇಟಿನಲ್ಲಿ ಇನ್ನೂ ಹುಟ್ಟಿಲ್ಲ.

ಎರಡು ದಿನ ಉಪಾಯ ಫಲಿಸಿತು. ಬುಗುರಿ ಕೀಲಿ ಗೊಂಚಲು ಅಲ್ಲಾಡಿಸಿ, ತಿರುಗಿ ನೋಡಿದರೆ ಅಪ್ಪ ಇಲ್ಲ. ಅಳಲಿಲ್ಲ. ಬೆಂಚಿನ ಕೆಳಗೆ ಬಗ್ಗಿ ಹುಡುಕಿದಳು. ಬಾಗಿಲ ಹಿಂದೆ ಹುಡುಕಿದಳು. ಅಮ್ಮ ಬಂದಾಗ ಸುಮ್ಮನೆ ನಿಂತಿದ್ದಳು, ಎತ್ಕೊಂಡರೆ ಎತ್ತಿಸಿಕೊಂಡಳು. ನೋಡ್ದ್ಯಾ ಅಂತ ನಾನು ಎದೆ ಉಬ್ಬಿಸಿದೆ.

ಮೂರನೇ ದಿನ ಕೀಲಿ ಗೊಂಚಲು ತೋರಿಸಿದರೆ ಅವಳು ನೋಡಲೇ ಇಲ್ಲ. ಅಪ್ಪನ ಅಂಗಿ ಗುಂಡಿ ಹಿಡ್ಕೊಂಡು ಅವನ ಮುಖವನ್ನೇ ನೋಡ್ತಿದ್ದಳು. ರೆಪ್ಪೆ ಬಡೀತಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡರೂ ಮುಚ್ಚಲ್ಲ ಅಂತಾಳೆ. ಉದ್ದಣ್ಣ ಗುಂಡಿ ಕಿತ್ಕೊಂಡೇ ಒಳಗೆ ಹೋಗಬೇಕಾಯ್ತು.

ಆಮೇಲಿಂದ ಮನೇಲೂ ಹಾಗೇ ಅಂತೆ. ಬೆಳಗ್ಗೆಯೆಲ್ಲ ಅಪ್ಪನ ಕಾಲಿಗೇ ಅಂಟಿಕೊಂಡು, ಅವನು ಬಚ್ಚಲಿಗೆ ಹೋದರೆ ಬಾಗಿಲು ಬಡೀತಾಳೆ. ಸಾಯಂಕಾಲ ಅಮ್ಮನ ಬಟ್ಟೆ ಹಿಡ್ಕೊಂಡೇ ಮಲಗ್ತಾಳೆ, ಕೈ ಬಿಡಿಸಿದರೆ ಎಚ್ಚರ. ಏನೂ ನೋಡಲ್ಲ, ಏನೂ ಆಡಲ್ಲ. ಬೇರೆ ಕಡೆ ನೋಡಿದರೆ ಜನ ಮಾಯ ಆಗ್ತಾರೆ ಅಂತ ಕಲಿಸಿಕೊಟ್ಟವಳು ನಾನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕಿಟಕಿ ಮತ್ತೆ ತೆರೆದೆ. ಅವಳು ಕಿಟಕಿ ಕಡೆ ತಿರುಗಲೂ ಇಲ್ಲ. ಬೆಂಚಿನ ಮೇಲೆ ಬಾಗಿಲಿಗೆ ಮುಖ ಮಾಡಿ ಕೂತು ಅಮ್ಮ ಬರೋದನ್ನೇ ಕಾಯ್ತಿದ್ದಳು, ಬಂದ ಕೂಡಲೇ ಅಳೋಕೆ. ಅಂದರೆ ಅಳದೆ ಇದ್ದ ಹನ್ನೊಂದು ನಿಮಿಷಾನೂ ನಾನು ಕೆಡಿಸಿದೆ.

ಹದ್ದುಗಣ್ಣಿ ಸೂಪರ್‌ವೈಸರ್ ಹತ್ರ ಹೋದಳು. ಗಂಡನಿಗೂ ಬೆಳಗಿನ ಪಾಳಿ ಕೊಡಿ ಅಂತಲ್ಲ, ಕೊಟ್ಟರೆ ಮಗು ನೋಡೋರು ಯಾರು? ವಾರಕ್ಕೊಂದು ದಿನ ಇಬ್ಬರಿಗೂ ಒಟ್ಟಿಗೆ ರಜೆ ಕೊಡಿ ಅಂತ. ಅವನೇನು ಕೆಟ್ಟವನಲ್ಲ. ರಿಜಿಸ್ಟರ್ ತೆಗೆದು ಅವಳ ಮುಂದೆಯೇ ಬೆರಳಿಟ್ಟು ತೋರಿಸಿದ. ಪ್ಯಾಕಿಂಗ್‌ನವರ ರಜೆ ಪಟ್ಟಿ ಬೇರೆ, ದೀಪದ ಸೆಕ್ಷನ್ ಪಟ್ಟಿ ಬೇರೆ, ಎರಡು ಪಟ್ಟಿ ಬರೆಯೋರು ಇಬ್ಬರು, ಅವರಿಬ್ಬರಿಗೂ ಮಾತಿಲ್ಲ. "ನನ್ನ ಹೆಂಡತಿ ನರ್ಸು ಕಣಮ್ಮ. ನಾವು ಒಟ್ಟಿಗೆ ಊಟ ಮಾಡಿ ಎಷ್ಟು ದಿನ ಆಯ್ತು ಅಂತ ನನಗೇ ನೆನಪಿಲ್ಲ" ಅಂದನಂತೆ. ಅವಳು ವಾಪಸ್ ಬಂದು ಅದನ್ನ ಹೇಳಿದಾಗ ಅವನನ್ನ ಬೈಯೋಣ ಅಂತ ಬಾಯಿ ತೆರೆದೆ, ಏನಂತ ಬೈಯೋದು?

ಹೀಗಿರೋವಾಗ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬಿತ್ತು. ಗ್ಯಾಸಿನ ದೊಡ್ಡ ಪೈಪು ಬದಲಾಯಿಸ್ತಾರೆ. ಬರೋ ಗುರುವಾರ ಒಂದು ದಿನ ಕುಲುಮೇನ ಸಣ್ಣ ಉರಿಯಲ್ಲಿಟ್ಟು ನಾಲ್ಕು ಜನ ಕಾಯ್ತಾರೆ, ಉಳಿದವರಿಗೆಲ್ಲ ರಜೆ. ನಾನು ಸೇರಿದ ಮೇಲೆ ಇಂಥದ್ದು ಎರಡನೇ ಸಲ.

ಹದ್ದುಗಣ್ಣಿ ಆ ಹಾಳೆ ಮುಂದೆ ನಿಂತು ಅದನ್ನ ನಾಲ್ಕು ಸಲ ಓದಿದಳು. ಆಮೇಲೆ ನನ್ನ ಹತ್ರ ಬಂದು ಎರಡೂ ಕೈ ಹಿಡ್ಕೊಂಡಳು. ಅವಳು ಹಾಗೆ ನಕ್ಕಿದ್ದನ್ನ ನಾನು ನೋಡಿರಲಿಲ್ಲ.

"ಇಬ್ಬರನ್ನೂ ಒಟ್ಟಿಗೆ ನೋಡ್ತಾಳೆ ಅಕ್ಕ. ನಾನು ಬಂದರೂ ಅಪ್ಪ ಹೋಗಲ್ಲ ಅಂತ ಅವಳಿಗೆ ಗೊತ್ತಾಗುತ್ತೆ. ಒಂದು ಸಲ ಗೊತ್ತಾದರೆ ಸಾಕು. ನೀವೂ ಊಟಕ್ಕೆ ಬರಬೇಕು. ಬರ್ಲೇಬೇಕು."

ಮೂರು ದಿನ ಅವಳಿಗೆ ನೆಲ ಕಾಣ್ತಿರಲಿಲ್ಲ. ಏನು ಅಡುಗೆ ಮಾಡೋದು, ಮಗೂಗೆ ಯಾವ ಫ್ರಾಕು ಹಾಕೋದು ಅಂತ ಚೀಲ ತೋರಿಸೋವಾಗೆಲ್ಲ ವರದಿ. "ಮದುವೆ ಮನೆ ಏನೇ ನಿಮ್ಮದು?" ಅಂತ ರೇಗಿಸಿದೆ. ನಾಚಿಕೊಂಡಳು.

ಗುರುವಾರ ಹನ್ನೊಂದೂವರೆಗೆ ಹೋದೆ. ಸೈಕಲ್ ಅಂಗಡಿ ಪಕ್ಕದಿಂದ ಕಬ್ಬಿಣದ ಮೆಟ್ಟಿಲು, ಮೇಲೆ ಹಸಿರು ಬಾಗಿಲು. ಒಳಗೆ ಒಂದು ಕೋಣೆ, ಮೂಲೇಲಿ ಒಲೆ, ರಸ್ತೆ ಕಡೆಗೊಂದು ಕಿಟಕಿ, ದಾರದ ಮೇಲೆ ಒಣಗೋಕೆ ಹಾಕಿದ ಪುಟ್ಟ ಪುಟ್ಟ ಚಡ್ಡಿಗಳು. ಉದ್ದಣ್ಣ ನೆಲದ ಮೇಲೆ ಕಾಲು ಚಾಚಿ ಕೂತಿದ್ದ, ಗೋಡೆಯಿಂದ ಗೋಡೆಗೆ ಅವನೊಬ್ಬನೇ ಸಾಕು. ಬುಗುರಿ ಅವನ ತೊಡೆ ಮೇಲೆ. ಅವಳ ಒಂದು ಕೈ ಅಪ್ಪನ ಅಂಗಿ ಮೇಲೆ, ಇನ್ನೊಂದು ಕೈ ಒಲೆ ಮುಂದೆ ಕೂತಿದ್ದ ಅಮ್ಮನ ಸೆರಗಿನ ತುದಿ ಮೇಲೆ.

"ಬೆಳಗ್ಗೆ ಎದ್ದಳು ಅಕ್ಕ," ಹದ್ದುಗಣ್ಣಿ ಪಿಸುಗುಟ್ಟಿದಳು, ಜೋರಾಗಿ ಹೇಳಿದರೆ ಕೆಟ್ಟು ಹೋಗುತ್ತೆ ಅನ್ನೋ ಹಾಗೆ. "ಆ ಕಡೆ ನೋಡಿದಳು, ಅಪ್ಪ. ಈ ಕಡೆ ನೋಡಿದಳು, ನಾನು. ಉಸಿರೇ ಎತ್ತಲಿಲ್ಲ. ಎದ್ದೇಳೋಕೇ ಬಿಡಲಿಲ್ಲ ನಮ್ಮನ್ನ. ಹಾಲು ಕೂಡ ಹಾಸಿಗೆ ಮೇಲೇ ಕುಡಿದಳು."

"ನಕ್ಕಳಾ?" ಅಂದೆ.

"ಇನ್ನೂ ಇಲ್ಲ. ನಗ್ತಾಳೆ."

ಊಟಕ್ಕೆ ಕೂತ್ವಿ. ಬುಗುರಿ ಮಧ್ಯೆ. ಅಪ್ಪ ಒಂದು ತುತ್ತು, ಅಮ್ಮ ಒಂದು ತುತ್ತು. ಬಾಯಿ ತೆರೀತಿದ್ದಳು, ಆದರೆ ಗಮನ ತಿನ್ನೋದರ ಮೇಲಿಲ್ಲ. ಅಪ್ಪನ್ನ ನೋಡ್ತಾಳೆ, ಬಾಗಿಲು ನೋಡ್ತಾಳೆ. ಅಮ್ಮನ್ನ ನೋಡ್ತಾಳೆ, ಬಾಗಿಲು ನೋಡ್ತಾಳೆ. ಎರಡು ವರ್ಷ ಒಂದು ತಿಂಗಳಿನ ಮಗು, ಬಸ್ಸಿಗೆ ಕಾಯೋ ದೊಡ್ಡವರ ಹಾಗೆ ಕೂತಿದೆ. ನಾನು ಅನ್ನ ಕಲಸ್ತಾ ಅವಳನ್ನೇ ನೋಡ್ತಿದ್ದೆ. ಹದ್ದುಗಣ್ಣಿ ಮಾತ್ರ ಏನೂ ಕಾಣದವಳ ಹಾಗೆ ನಗ್ತಾ ಬಡಿಸ್ತಿದ್ದಳು. ಕೂದಲೆಳೆ ಬಿರುಕು ಕಾಣೋ ಕಣ್ಣು, ಆವತ್ತು ನೋಡೋದೇ ಬೇಡ ಅಂದ್ಕೊಂಡಿತ್ತೋ ಏನೋ.

ಒಂದೂವರೆ ಆಯ್ತು. ದಿನಾ ಆ ಹೊತ್ತಿಗೆ ಉದ್ದಣ್ಣ ಮುಖ ತೊಳೆದು, ತಲೆ ಬಾಚಿ, ಮಗೂನ ಎತ್ಕೊಂಡು ಹೊರಡೋದು. ಆವತ್ತು ಗೋಡೆಗೊರಗಿ ಕೂತೇ ಇದ್ದ. ಬುಗುರಿ ಎದ್ದಳು. ಬೆಳಗ್ಗೆಯಿಂದ ಮೊದಲ ಸಲ ಇಬ್ಬರನ್ನೂ ಬಿಟ್ಟು ತಾನಾಗಿ ಎದ್ದಳು. ಗೂಡಿನಲ್ಲಿದ್ದ ಬಾಚಣಿಗೆ ತಂದು ಅಪ್ಪನ ಕೈಗಿಟ್ಟಳು.

"ನೋಡ್ರಿ ಇವಳ ದರ್ಬಾರು!" ಅಂತ ನಾವೆಲ್ಲ ನಕ್ವಿ. ಉದ್ದಣ್ಣಾನೂ ನಗ್ತಾ ತಲೆ ಬಾಚಿಕೊಂಡ. ಅವನು ಬಾಚಿದ್ದೇ ತಪ್ಪಾಯ್ತು. ಅವಳು ಅವನ ಮೊಣಕಾಲಿಗೆ ಎರಡೂ ಕೈ ಕೊಟ್ಟು ತಳ್ಳಿದಳು.

"ಅಪ್ಪ ಟಾಟಾ."

"ಇಲ್ಲ ಕಂದ, ಇವತ್ತು ಅಪ್ಪ ಹೋಗಲ್ಲ!" ಹದ್ದುಗಣ್ಣಿ ಚಪ್ಪಾಳೆ ತಟ್ಟಿದಳು. ಈ ಮಾತು ಹೇಳೋಕೆ ಏಳು ತಿಂಗಳು ಕಾದಿದ್ದಳು ಅವಳು. "ಅಪ್ಪಾನೂ ಇಲ್ಲೇ, ಅಮ್ಮಾನೂ ಇಲ್ಲೇ! ಯಾರೂ ಟಾಟಾ ಇಲ್ಲ!"

ಮಗು ಅವಳ ಮುಖ ನೋಡ್ತು. ಮತ್ತೆ ತಳ್ಳಿತು, ಇನ್ನೂ ಜೋರಾಗಿ. "ಅಪ್ಪ ಟಾಟಾ! ಟಾಟಾ!" ಅವನು ಅಲುಗಲಿಲ್ಲ. ಆಗ ಶುರುವಾಯ್ತು ನೋಡಿ. ಗೇಟಿನಲ್ಲಿ ನಾನು ಕೇಳಿದ್ದ ಅಳು ಇದರ ಮುಂದೆ ಏನೇನೂ ಅಲ್ಲ. ನೆಲಕ್ಕೆ ಬಿದ್ದು ಹೊರಳಿದಳು. ಅವನ ಕಾಲಿಗೆ ಹೊಡೆದಳು. ಎತ್ಕೊಳ್ಳೋಕೆ ಹೋದರೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿದಳು. ತಿಂದದ್ದನ್ನೆಲ್ಲ ಕಕ್ಕಿಕೊಂಡಳು, ಹೊಸ ಫ್ರಾಕೆಲ್ಲ ಹಾಳು. ಉಸಿರು ಕಟ್ಟಿ ಕಟ್ಟಿ ಬರ್ತಿದೆ, ಮಧ್ಯೆ ಮಧ್ಯೆ ಅದೇ ಒಂದು ಮಾತು. ಕೆಳಗಡೆ ಸೈಕಲ್ ಅಂಗಡಿಯವನು ಏನಾಯ್ತು ಅಂತ ಕೂಗಿದ.

"ಹಾಗಾದ್ರೆ ಅಮ್ಮ ಹೋಗ್ಲಾ?" ಹದ್ದುಗಣ್ಣಿ ಎದ್ದು ಬಾಗಿಲಿನವರೆಗೆ ಹೋದಳು. ಬುಗುರಿ ಅದಕ್ಕೂ ಕಿರುಚಿದಳು. ಅಮ್ಮ ಹೋಗೋದು ಈಗಲ್ಲ, ಅಮ್ಮ ಹೋಗೋದು ನಿದ್ದೆಯಲ್ಲಿ. ಈಗ ಅಪ್ಪಂದು. ಇಬ್ಬರಲ್ಲಿ ಒಬ್ಬರು ಹೋಗೇ ಹೋಗ್ತಾರೆ ಅಂತ ಅವಳಿಗೆ ಗ್ಯಾರಂಟಿ. ಯಾವಾಗ ಹೋಗ್ತಾರೋ ಅಂತ ಬೆಳಗ್ಗೆಯಿಂದ ಕಾದು ಕಾದು ಆ ಜೀವಕ್ಕೆ ಇನ್ನು ತಾಳೋಕಾಗ್ತಿಲ್ಲ. ಹೋಗೋದಾದರೆ ಹೋಗಿಬಿಡಿ ಅಂತ ಅದರ ಗೋಳು.

ಅರ್ಧ ಗಂಟೆ. ಕೊನೆಗೆ ಉದ್ದಣ್ಣ ಎದ್ದ. ಯಾರ ಮುಖಾನೂ ನೋಡಲಿಲ್ಲ.

"ಹೋಗಬೇಡ್ರಿ," ಅಂದಳು ಅವಳು. "ಇವತ್ತೊಂದು ದಿನ... ಸ್ವಲ್ಪ ತಡ್ಕೊಂಡರೆ ಸುಮ್ಮನಾಗ್ತಾಳೆ."

"ಮಗು ಉಸಿರು ಕಟ್ಟುತ್ತೆ ಕಣೇ," ಅಂದ. ಬಾಗಿಲು ತೆಗೆದ.

ಅಳು ನಿಂತೇ ಹೋಯ್ತು. ಬುಗುರಿ ಎದ್ದು, ತಡವರಿಸ್ತಾ ಬಾಗಿಲವರೆಗೆ ನಡೆದಳು. ಅಪ್ಪ ಮೆಟ್ಟಿಲು ಇಳಿಯೋದನ್ನ ಒಂದೊಂದಾಗಿ ನೋಡಿದಳು. ಕೈ ಬೀಸಿದಳು. ಆಮೇಲೆ ಬಾಗಿಲನ್ನ ಎರಡೂ ಕೈಲಿ ತಳ್ಳಿ ತಾನೇ ಮುಚ್ಚಿದಳು. ತಿರುಗಿದಳು, ಸೀದಾ ಬಂದಳು, ನೆಲದ ಮೇಲೆ ಕೂತಿದ್ದ ಅಮ್ಮನ ಮಡಿಲು ಹತ್ತಿ ಕೂತಳು.

ಒಂದು ತೊಟ್ಟು ಕಣ್ಣೀರಿಲ್ಲ. ದೊಡ್ಡದೊಂದು ಉಸಿರು ಬಿಟ್ಟಳು. ಅಮ್ಮನ ಕೈ ತಗೊಂಡು ತನ್ನ ಹೊಟ್ಟೆ ಮೇಲಿಟ್ಕೊಂಡಳು. ತಟ್ಟೆ ಕಡೆ ತೋರಿಸಿ "ಮಮ್ಮು" ಅಂದಳು.

ಹದ್ದುಗಣ್ಣಿ ಅಲುಗಾಡಲಿಲ್ಲ. ವಾಂತಿ ಆದ ಫ್ರಾಕಿನ ಸಮೇತ ಅವಳನ್ನ ಹಾಗೇ ಹಿಡ್ಕೊಂಡು ಕೂತಳು. ಕೆನ್ನೆ ಮೇಲೆ ನೀರು ಇಳೀತಿತ್ತು, ಒರೆಸಿಕೊಳ್ಳೋಕೂ ಕೈ ಎತ್ತಲಿಲ್ಲ.

"ಅಕ್ಕ, ಬಂದಳು," ಅಂದಳು. "ತಾನೇ ಬಂದಳು. ನೋಡಿದ್ರಲ್ಲ? ಅಳ್ತಿಲ್ಲ."

"ನೋಡಿದೆ ಕಣೇ."

ಅಲ್ಲಿ ನಿಲ್ಲೋಕೆ ಆಗಲಿಲ್ಲ ನನಗೆ. ಹೋಗಿ ಬರ್ತೀನಿ ಅಂತ ಕೂಡ ಹೇಳದೆ ಕೆಳಗೆ ಇಳಿದೆ. ಉದ್ದಣ್ಣ ಕೊನೇ ಮೆಟ್ಟಿಲ ಮೇಲೆ ಕೂತಿದ್ದ, ಮೊಣಕಾಲು ಗದ್ದಕ್ಕೆ ತಾಗ್ತಿತ್ತು. ಬರಿಗಾಲು. ಚಪ್ಪಲಿ ಮೇಲೇ ಬಿಟ್ಟು ಬಂದಿದ್ದ.

"ಅಳ್ತಿದಾಳಾ?"

"ಇಲ್ಲ."

"ಅವಳ ಹತ್ರ ಹೋದಳಾ?"

"ಹೋದಳು. ತಾನಾಗೇ ಹೋದಳು."

ಅವನ ಮುಖ ಅರಳಿತು. ನಿಜವಾಗಿ ಅರಳಿತು, ಸುಳ್ಳಲ್ಲ. ಹೆಂಡತಿಗೆ ಬೇಕಾಗಿದ್ದದ್ದು ಏನು ಅಂತ ಅವನಿಗೂ ಗೊತ್ತಿತ್ತಲ್ಲ. ಸ್ವಲ್ಪ ಹೊತ್ತು ತಲೆ ಆಡಿಸ್ತಾ ಕೂತ. ಸೈಕಲ್ ಅಂಗಡಿಯವನು ಅವನಿಗೊಂದು ಚಹಾ ತಂದುಕೊಟ್ಟ. ಚಹಾ ಕೈಲಿ ಹಿಡ್ಕೊಂಡು ಉದ್ದಣ್ಣ ನನ್ನ ಕಡೆ ನೋಡಿದ.

"ಅಕ್ಕ, ನಾನು ಈಗ ಮೇಲೆ ಹೋಗಬಹುದಾ?"

ಏಳು ತಿಂಗಳು ಕೇಳದೆ ಇದ್ದರೂ ಬುದ್ಧಿ ಹೇಳಿದವಳು ನಾನು. ಈಗ ಅವನೇ ಕೇಳಿದಾಗ, ಸಂಜೆ ಆಗಲಿ, ಮಲಗಲಿ ಅಂತ ಏನೋ ತೊದಲಿದೆ. ಅವಳು ಮಲಗೋದು ಎಂಟೂವರೆಗೆ. ಆಗಿನ್ನೂ ಎರಡೂಕಾಲು.

ಮೇಲೆ ಕಿಟಕಿ ತೆರೆದ ಸದ್ದಾಯ್ತು. ಹದ್ದುಗಣ್ಣಿ ಮಗೂನ ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಬುಗುರಿ ಅಮ್ಮನ ಕಿವಿ ಹಿಡ್ಕೊಂಡು ಏನೋ ಹೇಳ್ತಿದ್ದಳು, ನಗ್ತಿದ್ದಳು. ಉದ್ದಣ್ಣ ತಲೆ ಎತ್ತಿ ನೋಡಿದ. ಹದ್ದುಗಣ್ಣಿಯೂ ಅವನನ್ನ ನೋಡಿದಳು, ನನಗೆ ಚೆನ್ನಾಗಿ ಕಂಡಿತು. ಕರೀತಾಳೆ ಅಂದ್ಕೊಂಡೆ. ಅವನೂ ಅಂದ್ಕೊಂಡ, ಅರ್ಧ ಎದ್ದಿದ್ದ.

ಅವಳು ಕರೀಲಿಲ್ಲ. ಮಗೂನ ಇನ್ನಷ್ಟು ಗಟ್ಟಿಯಾಗಿ ತಬ್ಬಿಕೊಂಡು ಹಾಗೇ ನಿಂತಳು.

ಆಗ ಬುಗುರಿ ಕೆಳಗಡೆ ತಿರುಗೋಕೆ ಹೊರಟಳು. ಉದ್ದಣ್ಣ ಚಹಾ ಲೋಟ ಹಿಡ್ಕೊಂಡೇ ಸರಕ್ಕನೆ ಎದ್ದು, ಮಗೂಗೆ ಕಾಣಬಾರದು ಅಂತ ಮೆಟ್ಟಿಲ ಕೆಳಗೆ ಬಗ್ಗಿ ನಿಂತ.